ಕೊಡಗಲ್ಲಿ ಸ್ಪ್ರೇ ಪೇಂಟಿಂಗ್ ಶುರು ಮಾಡೋರಿಗೆ: ಯಾವ ಸಾಮಾನು, ಯಾವ ಕ್ರಮದಲ್ಲಿ ತಗೋಬೇಕು

ಸ್ಪ್ರೇ ಪೇಂಟಿಂಗ್ ಶುರು ಮಾಡ್ಬೇಕು ಅಂತ ಇರೋರು ಮೊದ್ಲು ಕೇಳೋದು ಯಾವ ಗನ್ ತಗೊಳ್ಲಿ ಅಂತ. ನಾನಾದ್ರೆ ಆ ಪ್ರಶ್ನೇನ ಸ್ವಲ್ಪ ಹಿಂದಕ್ಕೆ ಹಾಕಿ ಅಂತೀನಿ. ಏನಕ್ಕೆ ಪೇಂಟ್ ಹೊಡಿತೀರಿ, ಅದಕ್ಕೆ ಯಾವ ಪೇಂಟು, ಆ ಪೇಂಟಿಗೆ ಯಾವ ಗನ್ನು, ಆ ಗನ್ನಿಗೆ ಎಷ್ಟು ಗಾಳಿ ಬೇಕು, ಹೀಗೆ ಒಂದೊಂದೇ ತೀರ್ಮಾನ ಮಾಡ್ಕೊಂಡು ಹೋದ್ರೆ ಕಂಪ್ರೆಸರ್ ಕೊನೇಲಿ ಬರತ್ತೆ, ಸರಿಯಾದ್ದೇ ಬರತ್ತೆ. ಆಫರ್ ಇತ್ತು ಅಂತ ಮೊದ್ಲು ಕಂಪ್ರೆಸರ್ ತಂದು ಆಮೇಲೆ ಅದಕ್ಕೆ ಗನ್ ಹುಡುಕೋಕೆ ಹೋದೋರಿಗೆ ಎರಡೆರಡು ಸಲ ಖರ್ಚಾಗೋದನ್ನ ನಮ್ಮ ಕಡೆ ಸುಮಾರು ಕಡೆ ನೋಡಿದ್ದೀನಿ.

ಇನ್ನೊಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ವಿಡಿಯೋಗಳಲ್ಲಿ ಕಲಿಸೋದೆಲ್ಲ ಹೆಚ್ಚಾಗಿ ಒಣ ಊರಿನ ಲೆಕ್ಕ. ಮಡಿಕೇರೀಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಮೇಲೆ ಮಳೆ, ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 1150 ಮೀಟರ್ ಎತ್ತರ, ಕಕ್ಕಡದ ತಿಂಗಳಲ್ಲಿ (ಜುಲೈ-ಆಗಸ್ಟ್) ಬಟ್ಟೆ ಒಣಗೋದೇ ಕಷ್ಟ ಇರುವಾಗ ಪೇಂಟ್ ಒಣಗೋ ಮಾತೆಲ್ಲಿ. ಅದೇ ಜಿಲ್ಲೆಯ ಕುಶಾಲನಗರಕ್ಕೆ ಇಳಿದ್ರೆ ಹವಾನೇ ಬೇರೆ. ಅದಕ್ಕೆ ಇಲ್ಲಿ ಸಾಮಾನು ಆರಿಸುವಾಗ ನೀರಿನ ಪಸೆ, ಕರೆಂಟು ಇವೆರಡನ್ನ ಬಿಟ್ಟು ಯೋಚನೆ ಮಾಡೋಕಾಗಲ್ಲ.

ಹಂತ 1: ಏನಕ್ಕೆ ಹೊಡಿತೀರಿ ಅಂತ ಒಂದು ಪಟ್ಟಿ ಬರೀರಿ

ಮುಂದಿನ ಒಂದು ವರ್ಷದಲ್ಲಿ ನಿಜವಾಗ್ಲೂ ಮಾಡೋ ಕೆಲಸ ಮಾತ್ರ ಬರೀರಿ. ಆಟಿಕೆ ಮಾಡೆಲ್, ಸಣ್ಣ ಮೂರ್ತಿ, ಹೆಲ್ಮೆಟ್ ಮೇಲಿನ ಡಿಸೈನು ಇಂಥದ್ದಾದ್ರೆ ಏರ್‌ಬ್ರಷ್, ಅಂದ್ರೆ ಪೆನ್ನಿನ ಥರ ಹಿಡಿಯೋ ಪುಟ್ಟ ಗನ್ ಸಾಕು. ಸ್ಟೂಲು, ಹಳೇ ಮರದ ಪೆಟ್ಟಿಗೆ, ಕಿಟಕಿ ಚೌಕಟ್ಟು, ಜೇನು ಪೆಟ್ಟಿಗೆ, ಸೈಕಲ್ ಫ್ರೇಮು ಇವಕ್ಕೆಲ್ಲ ಕಂಪ್ರೆಸರ್‌ಗೆ ಹಾಕೋ ಸಣ್ಣ ಅಥವಾ ಮಧ್ಯಮ ಸೈಜಿನ ಗನ್ ಬೇಕು. ತೋಟದ ಗೇಟು, ಬೇಲಿ, ಶೆಡ್ಡಿನ ಬಾಗಿಲು ಇಂಥ ದೊಡ್ಡ ಕೆಲಸಕ್ಕೆ ಕೈಯಲ್ಲಿ ಹಿಡಿಯೋ ಎಲೆಕ್ಟ್ರಿಕ್ ಸ್ಪ್ರೇಯರ್ ಆಗತ್ತೆ, ಬೇಲಿ ಕಂಬಿಗಾದ್ರೆ ನಿಜ ಹೇಳ್ಬೇಕಂದ್ರೆ ಬ್ರಷ್ಷೇ ಒಳ್ಳೇದು ಯಾಕಂದ್ರೆ ಕಂಬಿ ಮಧ್ಯೆ ಖಾಲಿ ಜಾಗದಲ್ಲಿ ಅರ್ಧಕ್ಕರ್ಧ ಪೇಂಟು ಗಾಳಿಗೆ ಹೋಗತ್ತೆ.

ವರ್ಷಕ್ಕೆ ಎರಡು ಮೂರು ಸಣ್ಣ ಸಾಮಾನು ಮಾತ್ರ ಅಂದ್ರೆ ಏನೂ ತಗೋಬೇಡಿ, ಸ್ಪ್ರೇ ಕ್ಯಾನ್ ತಗೊಳ್ಳಿ. 400 ಎಂಎಲ್ ಕ್ಯಾನ್ ಒಂದರಲ್ಲಿ ಒಂದೂವರೆ ಚದರ ಮೀಟರ್ ಆಸುಪಾಸು ಬರತ್ತೆ, ಬಣ್ಣದ ಮೇಲೆ ಹೆಚ್ಚುಕಮ್ಮಿ ಆಗತ್ತೆ. ಡಿಸೆಂಬರ್ ಬೆಳಿಗ್ಗೆ ಚಳಿಗೆ ಕ್ಯಾನ್ ಒಳಗಿನ ಒತ್ತಡ ಇಳಿದು ಹನಿ ಹನಿಯಾಗಿ ಉಗುಳತ್ತೆ, ಆಗ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಟ್ಟು, ಒಳಗಿನ ಗುಂಡು ಸದ್ದು ಮಾಡೋಕೆ ಶುರು ಆದ್ಮೇಲೆ ಎರಡು ನಿಮಿಷ ಕುಲುಕಿ ಹೊಡೀರಿ. ಒಲೆ ಹತ್ರ ಇಟ್ಟು ಬಿಸಿ ಮಾಡೋ ಕೆಲಸ ಯಾವತ್ತೂ ಬೇಡ, 50 ಡಿಗ್ರಿ ದಾಟಿಸ್ಬೇಡಿ ಅಂತ ಕ್ಯಾನ್ ಮೇಲೇ ಬರ್ದಿರತ್ತೆ, ಒಡೆಯತ್ತೆ. ಕೆಲಸ ಮುಗಿದ ಮೇಲೆ ಕ್ಯಾನ್ ತಲೆಕೆಳಗೆ ಮಾಡಿ ಬರೀ ಗಾಳಿ ಬರೋ ತನಕ ಒತ್ತಿದ್ರೆ ಮುಂದಿನ ಸಲ ಮೂತಿ ಕಟ್ಟಲ್ಲ.

ನಮ್ಮಲ್ಲಿ ತುಂಬಾ ಜನ ಕೇಳೋ ಇನ್ನೊಂದು ಪ್ರಶ್ನೆ, ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡಿಯೋ ಸ್ಪ್ರೇಯರ್ ಮನೇಲಿ ಇದ್ಯಲ್ಲ, ಅದ್ರಲ್ಲೇ ಪೇಂಟ್ ಹೊಡಿಬಹುದಾ ಅಂತ. ಆಗಲ್ಲ. ತೋಟದ ಸ್ಪ್ರೇಯರ್ ದ್ರಾವಣವನ್ನೇ ಪಂಪಲ್ಲಿ ಒತ್ತಿ ತೂತಿನಿಂದ ಆಚೆ ತಳ್ಳತ್ತೆ, ಎಲೆ ನೆನೀಬೇಕು ಅನ್ನೋದಷ್ಟೇ ಅದರ ಉದ್ದೇಶ, ಹನಿ ದಪ್ಪ. ಪೇಂಟ್ ಗನ್ನಲ್ಲಿ ಗಾಳಿ ಬಂದು ಪೇಂಟನ್ನ ಮೂತಿ ಹತ್ರ ಚೂರು ಚೂರು ಮಾಡತ್ತೆ, ಆ ನುಣುಪು ಬರೋದೇ ಗಾಳಿಯಿಂದ. ಮೇಲಿಂದ ತಿನ್ನರ್ ತಗುಲಿದ್ರೆ ಆ ಸ್ಪ್ರೇಯರ್ ವಾಷರ್ ಎಲ್ಲ ಉಬ್ಬಿ ಕೆಟ್ಟು ಹೋಗತ್ತೆ, ಮುಂದಿನ ಬೋರ್ಡೋ ಟೈಮಿಗೆ ಸ್ಪ್ರೇಯರೂ ಇರಲ್ಲ.

ಹಂತ 2: ಪೇಂಟ್ ಯಾವ್ದು ಅಂತ ತೀರ್ಮಾನ ಮಾಡಿ

ಇದನ್ನ ತೀರ್ಮಾನ ಮಾಡ್ದೆ ಗನ್ ತಗೊಂಡ್ರೆ ನಾಝಲ್ (ಪೇಂಟ್ ಆಚೆ ಬರೋ ಮೂತಿ) ಸೈಜ್ ತಪ್ಪತ್ತೆ, ಮಾಸ್ಕೂ ತಪ್ಪತ್ತೆ. ಹವ್ಯಾಸಕ್ಕೆ ಬರೋದು ನಾಲ್ಕು ಥರ.

ನೀರಿನ ಮೇಲೆ ಕಲಸೋ ಅಕ್ರಿಲಿಕ್ ಹೊಸಬರಿಗೆ ನನ್ನ ಮೊದಲ ಆಯ್ಕೆ. ವಾಸನೆ ಕಮ್ಮಿ, ಬೆಂಕಿ ಭಯ ಕಮ್ಮಿ, ಗನ್ ನೀರಲ್ಲೇ ತೊಳೀಬಹುದು. ಜೇನು ಪೆಟ್ಟಿಗೆಗೆ ಇದನ್ನೇ ಹೊಡೀರಿ, ಅದೂ ಹೊರಗಡೆ ಮಾತ್ರ, ಒಳಗಡೆ ಮರಕ್ಕೆ ಏನೂ ತಾಗಿಸ್ಬೇಡಿ, ಹೊಡೆದ ಮೇಲೆ ವಾಸನೆ ಪೂರ್ತಿ ಹೋಗೋ ತನಕ ಜೇನು ಕೂರಿಸ್ಬೇಡಿ. ಇದರ ಕಷ್ಟ ಅಂದ್ರೆ ಮಳೆಗಾಲದಲ್ಲಿ ಒಣಗೋಕೆ ತುಂಬಾ ಹೊತ್ತು ತಗೊಳತ್ತೆ.

ಸಿಂಥೆಟಿಕ್ ಎನಾಮೆಲ್ ಎಲ್ಲ ಹಾರ್ಡ್‌ವೇರ್ ಅಂಗಡೀಲೂ ಸಿಗತ್ತೆ, ಕಬ್ಬಿಣಕ್ಕೆ ಗಟ್ಟಿ, ಆದ್ರೆ ಅಂಟು ಆರೋಕೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಧೂಳು, ಸೊಳ್ಳೆ ಎಲ್ಲ ಕೂರತ್ತೆ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಅಂದ್ರೆ ಬಡಗಿಗಳು ಡುಕೋ ಅಂತ ಕರಿಯೋದು, ನಿಮಿಷಗಳಲ್ಲಿ ಒಣಗತ್ತೆ, ಉಜ್ಜೋಕೆ ಸುಲಭ, ತಪ್ಪಾದ್ರೆ ಸರಿ ಮಾಡೋಕೂ ಸುಲಭ. ಕೊಡಗಲ್ಲಿ ಇದಕ್ಕೊಂದು ದೊಡ್ಡ ತೊಂದ್ರೆ ಇದೆ. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗತ್ತೆ, ಪಸೆ ಹವೆ ಇದ್ರೆ ಅಲ್ಲೇ ನೀರು ಕೂತು ಪೇಂಟು ಹಾಲಿನ ಥರ ಬಿಳಿ ಮಂಕಾಗತ್ತೆ. ಕಪ್ಪು ಬಣ್ಣ, ಕ್ಲಿಯರ್ (ಮೇಲೆ ಹೊಡಿಯೋ ಬಣ್ಣ ಇಲ್ಲದ ಪದರ) ಇವೆರಡರಲ್ಲಿ ಇದು ಎದ್ದು ಕಾಣತ್ತೆ. ರಿಟಾರ್ಡರ್ ತಿನ್ನರ್ ಅಂತ ಸಿಗತ್ತೆ, ಅದನ್ನ ಸ್ವಲ್ಪ ಸೇರಿಸಿದ್ರೆ ಆರೋದು ನಿಧಾನ ಆಗಿ ಬಿಳಿ ಬರೋದು ಕಮ್ಮಿ ಆಗತ್ತೆ. ಬಿಳಿ ಆಗ್ಬಿಟ್ಟಿದ್ರೂ ಒಣ ದಿನ ನೋಡಿ ಅದರ ಮೇಲೆ ರಿಟಾರ್ಡರ್‌ನ ತೆಳ್ಳಗೆ ಹೊಡೆದ್ರೆ ಎಷ್ಟೋ ಸಲ ಸರಿ ಹೋಗತ್ತೆ.

ನಾಲ್ಕನೇದು ಹಾರ್ಡ್‌ನರ್ ಕಲಸೋ ಟು-ಕೆ ಪಿಯು, ಅಂದ್ರೆ ಎರಡು ಭಾಗ ಸೇರಿಸಿ ಹೊಡಿಯೋ ಪಾಲಿಯುರೆಥೇನ್ ಪೇಂಟು. ಬೈಕ್ ಟ್ಯಾಂಕು, ಕಾರಿನ ಫಳಫಳ ಹೊಳಪು ಇದ್ರದ್ದೇ. ಹೊಸಬರು ಇದನ್ನ ಮುಟ್ಟಬೇಡಿ ಅಂತ ಕಡ್ಡಿ ಮುರಿದ ಹಾಗೆ ಹೇಳ್ತೀನಿ. ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರತ್ತೆ, ಅದು ಆಸ್ತಮಾ ತರಿಸತ್ತೆ, ಒಂದ್ಸಲ ಮೈಗೆ ಆಗದೆ ಹೋದ್ರೆ ಆಮೇಲೆ ಚೂರು ತಾಗಿದ್ರೂ ಉಸಿರು ಕಟ್ಟತ್ತೆ, ವಾಸನೆಯಿಂದ ಗೊತ್ತಾಗೋದೂ ಇಲ್ಲ. ಅದಕ್ಕೆ ಹೊರಗಿನಿಂದ ಒಳ್ಳೆ ಗಾಳಿ ಪೈಪಲ್ಲಿ ಬರೋ ಮಾಸ್ಕ್ ಬೇಕು, ಅದು ಪೇಂಟ್ ಹೊಡಿಯೋಕೇ ಅಂತ ಬೂತ್ ಇಟ್ಕೊಂಡಿರೋರ ಕೆಲಸ. ಬೈಕ್ ಟ್ಯಾಂಕ್ ಮಾಡ್ಲೇಬೇಕು ಅಂದ್ರೆ ಉಜ್ಜೋದು, ಪುಟ್ಟಿ, ಪ್ರೈಮರ್ ನೀವು ಮಾಡಿ, ಬಣ್ಣ ಮತ್ತೆ ಕ್ಲಿಯರ್ ಪೇಂಟ್ ಅಂಗಡಿಯೋರ ಹತ್ರ ಹೊಡೆಸಿ. ಎನ್‌ಸಿ ಹೊಡೆದ ಟ್ಯಾಂಕ್ ಮೇಲೆ ಪೆಟ್ರೋಲ್ ಚೆಲ್ಲಿದ್ರೆ ಪೇಂಟೇ ಎದ್ದು ಬರತ್ತೆ.

ಹಂತ 3: ಗನ್ನಿಗಿಂತ ಮೊದ್ಲು ಮಾಸ್ಕ್

ಇದನ್ನ ಕೊನೇಗೆ ದುಡ್ಡು ಉಳಿದ್ರೆ ಅಂತ ಬಿಡ್ಬೇಡಿ. ಬಾಯಿಗೆ ಟವಲ್ ಕಟ್ಕೊಂಡು ಔಷಧಿ ಹೊಡಿಯೋ ಅಭ್ಯಾಸ ತೋಟದಲ್ಲಿ ಇನ್ನೂ ಇದೆ, ಅದನ್ನ ಪೇಂಟಿಗೆ ತರ್ಬೇಡಿ. ಎನ್95 ಮಾಸ್ಕ್ ಧೂಳು ತಡಿಯತ್ತೆ, ತಿನ್ನರ್ ಆವಿ ಅದರೊಳಗಿಂದ ಆರಾಮಾಗಿ ಬರತ್ತೆ. ಬೇಕಾಗಿರೋದು ರಬ್ಬರ್ ಅಥವಾ ಸಿಲಿಕೋನಿನ ಅರ್ಧ ಮುಖದ ಮಾಸ್ಕ್, ಎರಡು ಕಡೆ ಸಾವಯವ ಆವಿ ಹೀರೋ ಕಾರ್ಟ್ರಿಜ್, ಅದರ ಮುಂದೆ ಹನಿ ತಡಿಯೋ ಫಿಲ್ಟರ್. ಡಬ್ಬದ ಮೇಲೆ ಎ2 ಪಿ2 ಅಂತ ಇದ್ರೆ ಈ ಕೆಲಸಕ್ಕೆ ಆಗತ್ತೆ.

ಹಾಕ್ಕೊಂಡು ಎರಡೂ ಕಾರ್ಟ್ರಿಜ್ ಅಂಗೈಲಿ ಮುಚ್ಚಿ ಉಸಿರು ಎಳೀರಿ, ಮಾಸ್ಕ್ ಮುಖಕ್ಕೆ ಹೀರ್ಕೊಂಡು ಹಾಗೇ ನಿಲ್ಲಬೇಕು. ಪಕ್ಕದಿಂದ ಗಾಳಿ ಬಂದ್ರೆ ಸೈಜ್ ಸರಿ ಇಲ್ಲ. ಗಡ್ಡ ಇದ್ರೆ ಯಾವ ಮಾಸ್ಕೂ ಸರಿಯಾಗಿ ಕೂರಲ್ಲ. ಕಾರ್ಟ್ರಿಜ್ ಒಳಗಿರೋ ಇದ್ದಿಲು ಬರೀ ಗಾಳಿಗೆ ಇಟ್ರೂ ಪಸೆ ಹೀರ್ಕೊಂಡು ಬೇಗ ಸಾಯತ್ತೆ, ನಮ್ಮ ಮಳೆಗಾಲದಲ್ಲಂತೂ ಇನ್ನೂ ಬೇಗ, ಅದಕ್ಕೆ ಕೆಲಸ ಆದ ತಕ್ಷಣ ಗಾಳಿಯಾಡದ ಡಬ್ಬ ಅಥವಾ ಜಿಪ್ ಕವರಿಗೆ ಹಾಕಿ. ಹಾಕ್ಕೊಂಡಾಗ ತಿನ್ನರ್ ವಾಸನೆ ಬಂತು ಅಂದ್ರೆ ಬದಲಾಯಿಸಿ. ಕನ್ನಡಕ, ನೈಟ್ರೈಲ್ ಗ್ಲೌಸು ಕೂಡ ಇದೇ ಬಿಲ್ಲಿಗೆ ಸೇರಿಸ್ಕೊಳ್ಳಿ.

ಹಂತ 4: ಗನ್ ಆರಿಸೋದು

ಏರ್‌ಬ್ರಷ್ ಆದ್ರೆ 0.3 ಎಂಎಂ ಸೂಜಿ, ಡಬಲ್ ಆಕ್ಷನ್, ಮೇಲೆ ಕಪ್ ಇರೋದು. ಡಬಲ್ ಆಕ್ಷನ್ ಅಂದ್ರೆ ಬಟನ್ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ ಪೇಂಟು. ಒಂದು ವಾರ ಕೈಗೆ ಬಗ್ಗಲ್ಲ ಅನ್ಸತ್ತೆ, ಆಮೇಲೆ ಸಿಂಗಲ್ ಆಕ್ಷನ್ ಕಡೆ ತಿರುಗಿ ನೋಡಲ್ಲ. ಗಾಳಿ 15ರಿಂದ 30 ಪಿಎಸ್‌ಐ (ಒತ್ತಡದ ಅಳತೆ) ಸಾಕು, ಮೂರು ಲೀಟರ್ ಟ್ಯಾಂಕ್ ಇರೋ ಪುಟ್ಟ ಕಂಪ್ರೆಸರ್ ಸಾಕು, ಅದು ಮನೆಯ ಇನ್ವರ್ಟರ್ ಮೇಲೂ ಸಾಮಾನ್ಯವಾಗಿ ಓಡತ್ತೆ. ಟ್ಯಾಂಕ್ ಇಲ್ಲದ ಕಂಪ್ರೆಸರ್ ಬೇಡ, ಗಾಳಿ ಮಿಡಿತ ಪೇಂಟಲ್ಲಿ ಕಾಣತ್ತೆ. ಒಂದು ಸಣ್ಣ ವಿಷ್ಯ, ಏರ್‌ಬ್ರಷ್ ಮರೆ (ಪೈಪ್ ತಿರುಗಿಸಿ ಹಾಕೋ ಥ್ರೆಡ್) ಹೆಚ್ಚಾಗಿ 1/8 ಇಂಚು, ದೊಡ್ಡ ಗನ್ನಿಂದು 1/4 ಇಂಚು, ಮುಂದೆ ದೊಡ್ಡ ಕಂಪ್ರೆಸರ್‌ಗೆ ಹಾಕೋ ಯೋಚನೆ ಇದ್ರೆ ಅಡಾಪ್ಟರ್ ಜೊತೇಲೇ ತಗೊಳ್ಳಿ.

ಕೈಯಲ್ಲಿ ಹಿಡಿಯೋ ಎಲೆಕ್ಟ್ರಿಕ್ ಸ್ಪ್ರೇಯರ್‌ಗೆ ಕಂಪ್ರೆಸರ್ ಬೇಡ, ಒಳಗೇ ಫ್ಯಾನ್ ಇರತ್ತೆ. ಗೇಟು, ಬಾಗಿಲು, ಗೋಡೆಗೆ ಒಳ್ಳೇದು, ನುಣುಪು ಮಾತ್ರ ಮಧ್ಯಮ. ತಗೊಳ್ಳೋಕೆ ಮುಂಚೆ ಪುಸ್ತಕದಲ್ಲಿ ಫ್ಲಾಶ್ ಪಾಯಿಂಟ್ (ಆವಿಗೆ ಬೆಂಕಿ ಹಿಡಿಯೋ ಉಷ್ಣತೆ) ಅಂತ ಬರ್ದಿರೋ ಸಾಲು ಓದಿ. ಮೋಟಾರ್ ಅಲ್ಲೇ ಕಿಡಿ ಹಾರಿಸ್ತಿರತ್ತೆ, ಅದಕ್ಕೆ ಬೇಗ ಹೊತ್ತಿಕೊಳ್ಳೋ ದ್ರಾವಣ ಹಾಕ್ಬೇಡಿ ಅಂತ ಕಂಪನಿಯೋರೇ ಡಿಗ್ರಿ ಕೊಟ್ಟಿರ್ತಾರೆ. ಎನ್‌ಸಿ ತಿನ್ನರ್ ಆವಿ ನಮ್ಮ ಮಾಮೂಲಿ ಹವೆಯಲ್ಲೇ ಬೆಂಕಿ ಹಿಡಿಯೋ ಅಂಥದ್ದು, ಅದನ್ನ ಇದ್ರಲ್ಲಿ ಹಾಕ್ಲೇಬಾರ್ದು. ನೀರಿನ ಪೇಂಟಿಗೆ ಮಾತ್ರ ಅಂತ ಇಟ್ಕೊಂಡ್ರೆ ಚಿಂತೆ ಇಲ್ಲ.

ಇನ್ನು ಕಂಪ್ರೆಸರ್‌ಗೆ ಹಾಕೋ ಗನ್ನು. ಕಪ್ ಕೆಳಗಿರೋ ಹಳೇ ಮಾದರಿ ಸಕ್ಷನ್ ಗನ್ ಅಂಗಡಿಯೋರು ಮೊದ್ಲು ತೆಗೆದು ತೋರಿಸ್ತಾರೆ, ಒಂದು ಲೀಟರ್ ಹಿಡಿಯತ್ತೆ, ಗಟ್ಟಿ, ಅಗ್ಗ. ಆದ್ರೆ ಸಣ್ಣ ಕೆಲಸಕ್ಕೆ ಕಪ್ಪಿನ ತಳದಲ್ಲಿ ಪೇಂಟ್ ಉಳಿದು ಹೋಗತ್ತೆ, ಒತ್ತಡ ಜಾಸ್ತಿ ಬೇಕು, ಪೇಂಟ್ ಮೋಡದ ಥರ ಎದ್ದು ಎಲ್ಲ ಕಡೆ ಕೂರತ್ತೆ. ಕಪ್ ಮೇಲಿರೋ ಗ್ರಾವಿಟಿ ಗನ್ ತಗೊಳ್ಳಿ. ಅದ್ರಲ್ಲಿ ಎಚ್‌ವಿಎಲ್‌ಪಿ (ಜಾಸ್ತಿ ಗಾಳಿ, ಕಮ್ಮಿ ಒತ್ತಡ) ಅಂತ ಬರತ್ತೆ, ಮೂತಿ ಹತ್ರ ಒತ್ತಡ 10 ಪಿಎಸ್‌ಐ ದಾಟಲ್ಲ, ಹೊಡೆದ ಪೇಂಟಲ್ಲಿ 65 ಪರ್ಸೆಂಟ್ ಆದ್ರೂ ಸಾಮಾನಿನ ಮೇಲೆ ಕೂರ್ಬೇಕು ಅನ್ನೋ ಅಳತೆಗೆ ಮಾಡಿದ್ದು. ಪೇಂಟ್ ಉಳಿಯತ್ತೆ, ಆದ್ರೆ ಗಾಳಿ ಕುಡಿಯೋದು ವಿಪರೀತ, ದೊಡ್ಡ ಗನ್ನಿಗೆ 8ರಿಂದ 14 ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಗಾಳಿ ಅನ್ನೋ ಅಳತೆ) ಬೇಕು, ಮನೆ ಕಂಪ್ರೆಸರ್ ಅದಕ್ಕೆ ಸಾಲಲ್ಲ. ಅದಕ್ಕೆ ನನ್ನ ಸಲಹೆ ಎರಡೇ. ಸಣ್ಣ ಸಾಮಾನು ಜಾಸ್ತಿ ಇದ್ರೆ 125 ಎಂಎಲ್ ಕಪ್ಪಿನ 0.8 ಅಥವಾ 1.0 ಎಂಎಂ ಟಚ್-ಅಪ್ ಗನ್, ಅದು 2ರಿಂದ 4 ಸಿಎಫ್‌ಎಂನಲ್ಲಿ ನಡಿಯತ್ತೆ. ಸ್ಟೂಲು, ಪೆಟ್ಟಿಗೆ, ಬಾಗಿಲು ಅಂದ್ರೆ ಎಲ್‌ವಿಎಲ್‌ಪಿ (ಕಮ್ಮಿ ಗಾಳಿ, ಕಮ್ಮಿ ಒತ್ತಡ) ಗನ್, ಸುಮಾರು 4ರಿಂದ 6 ಸಿಎಫ್‌ಎಂ ಕೇಳತ್ತೆ, ನುಣುಪು ಎಚ್‌ವಿಎಲ್‌ಪಿಗೆ ಹತ್ರ ಬರತ್ತೆ.

ನಾಝಲ್ 1.4 ಎಂಎಂ ಒಂದಿದ್ರೆ ಹೆಚ್ಚಿನ ಕೆಲಸ ಆಗತ್ತೆ. ಎನ್‌ಸಿ, ಕ್ಲಿಯರ್ ಜಾಸ್ತಿ ಅಂದ್ರೆ 1.3, ದಪ್ಪ ಪ್ರೈಮರ್‌ಗೆ 1.7 ಅಥವಾ 1.8. ನೀರಿನ ಪೇಂಟ್ ಹೊಡಿಯೋರು ಸೂಜಿ, ನಾಝಲ್ ಎರಡೂ ಸ್ಟೇನ್‌ಲೆಸ್ ಸ್ಟೀಲಾ ಅಂತ ಕೇಳಿ, ಇಲ್ಲಾಂದ್ರೆ ನಮ್ಮ ಹವೆಗೆ ತುಕ್ಕು ಗ್ಯಾರಂಟಿ.

ಅಂಗಡೀಲಿ ಗನ್ ಕೈಗೆ ಬಂದಾಗ ಹೀಗೆ ನೋಡಿ. ಮುಂದಿನ ಏರ್ ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿದ್ರೆ ಕೊಂಬಿನ ತೂತುಗಳು ದುಂಡಗೆ, ಎರಡೂ ಕಡೆ ಒಂದೇ ಥರ ಇರ್ಬೇಕು, ಒಳಗೆ ಲೋಹದ ಪುಡಿ ಅಂಟಿರಬಾರ್ದು. ಟ್ರಿಗರ್ ಬಿಟ್ಟಾಗ ಸೂಜಿ ತಡೆ ಇಲ್ದೆ ವಾಪಸ್ ಬರ್ಬೇಕು. ಗನ್ನಿನ ಮೂರು ತಿರುಪೂ ತಿರುಗಿಸಿ ನೋಡಿ, ಒಂದು ಪೇಂಟಿನ ಅಳತೆ, ಒಂದು ಗಾಳಿ, ಒಂದು ಹರಡೋ ಅಗಲ. ಕಪ್ಪಿಗೆ ಸ್ವಲ್ಪ ತಿನ್ನರ್ ಹಾಕ್ಸಿ ಐದು ನಿಮಿಷ ನೇತು ಹಾಕಿದ್ರೆ ಮೂತಿಯಿಂದ ಒಂದು ಹನೀನೂ ಬೀಳಬಾರ್ದು. ಆಮೇಲೆ ಗಾಳಿ ಕೊಟ್ಟು ರಟ್ಟಿನ ಮೇಲೆ ಒಂದು ಸಲ ಟ್ರಿಗರ್ ಒತ್ತಿ ಬಿಡಿ, ಉದ್ದ ಮೊಟ್ಟೆ ಆಕಾರದಲ್ಲಿ ಸಮವಾಗಿ ನೆನೀಬೇಕು. ಒಂದು ಕಡೆ ಬಾಗಿ ಬಾಳೆಹಣ್ಣಿನ ಥರ ಬಂದ್ರೆ ಕ್ಯಾಪನ್ನ ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೀರಿ. ಬಾಗು ಆ ಕಡೆಯಿಂದ ಈ ಕಡೆ ತಿರುಗಿದ್ರೆ ದೋಷ ಕ್ಯಾಪಲ್ಲಿ, ತಿರುಗ್ದೆ ಅಲ್ಲೇ ಇದ್ರೆ ನಾಝಲ್ಲಲ್ಲಿ. ಹೊಸ ಗನ್ನಲ್ಲೇ ಹೀಗಿದ್ರೆ ಬೇರೆ ಪೀಸ್ ಕೇಳಿ. ವಾಷರ್ ಕಿಟ್ಟು, ನಾಝಲ್ ಸೆಟ್ಟು ಬಿಡಿಯಾಗಿ ಸಿಗತ್ತಾ ಅಂತ ಕೇಳಿ, ಸಿಗಲ್ಲ ಅಂದ್ರೆ ಎಷ್ಟೇ ಚೆಂದ ಇದ್ರೂ ಬಿಟ್ಬಿಡಿ. ಆನ್‌ಲೈನಲ್ಲಿ ತರಿಸೋರಿಗೆ ಈ ಪರೀಕ್ಷೆ ಮನೇಲಿ ಮಾಡೋದು, ವಾಪಸ್ ಕಳಿಸೋ ಗಡುವು ಮುಗಿಯೋಕೆ ಮುಂಚೆ.

ಹಂತ 5: ಕಂಪ್ರೆಸರ್, ಮತ್ತೆ ನಿಮ್ಮ ಮನೆ ಕರೆಂಟು

ಡಬ್ಬದ ಮೇಲೆ ದೊಡ್ಡದಾಗಿ ಎಚ್‌ಪಿ ಮತ್ತೆ ಲೀಟರ್ ಬರ್ದಿರ್ತಾರೆ, ಗನ್ ಕೇಳೋದು ಸಿಎಫ್‌ಎಂ. ಒಂದು ಸಿಎಫ್‌ಎಂ ಅಂದ್ರೆ ನಿಮಿಷಕ್ಕೆ 28 ಲೀಟರ್ ಗಾಳಿ. ಅದ್ರಲ್ಲೂ ಎರಡು ಲೆಕ್ಕ ಇದೆ, ಪಿಸ್ಟನ್ ಎಳ್ಕೊಳ್ಳೋ ಗಾಳಿ, ಮತ್ತೆ ನಿಜವಾಗ್ಲೂ ಪೈಪಿಗೆ ಬರೋ ಗಾಳಿ. ಎರಡನೇದಕ್ಕೆ ಎಫ್‌ಎಡಿ ಅಂತಾರೆ, ಅದನ್ನ ಕೇಳಿ. ಅಂದಾಜಿಗೆ ಒಂದು ಎಚ್‌ಪಿಗೆ ನಿಜವಾಗಿ ಬರೋದು 3ರಿಂದ 4 ಸಿಎಫ್‌ಎಂ ಅಂತ ಇಟ್ಕೊಳ್ಳಿ. ಎತ್ತರದ ಊರಲ್ಲಿ ಗಾಳಿ ತೆಳು, ಅದೇ ಮಿಷನ್ ಮಂಗಳೂರಲ್ಲಿ ಕೊಡೋದಕ್ಕಿಂತ ಮಡಿಕೇರೀಲಿ ತೂಕದ ಲೆಕ್ಕದಲ್ಲಿ 12-13 ಪರ್ಸೆಂಟ್ ಕಮ್ಮಿ ಗಾಳಿ ಕೊಡತ್ತೆ. ಅದಕ್ಕೆ ಗನ್ ಕೇಳೋದಕ್ಕಿಂತ ಕಾಲು ಭಾಗ ಆದ್ರೂ ಜಾಸ್ತಿ ಕೊಡೋ ಮಿಷನ್ ನೋಡಿ.

ಹಂಗಾಗಿ ಟಚ್-ಅಪ್ ಗನ್ನಿಗೆ 1 ಎಚ್‌ಪಿ, 25 ಲೀಟರ್ ಟ್ಯಾಂಕ್. ಎಲ್‌ವಿಎಲ್‌ಪಿಗೆ 2 ಎಚ್‌ಪಿ, 50 ಲೀಟರ್. ಟ್ಯಾಂಕ್ ದೊಡ್ಡದಾದ್ರೆ ಗಾಳಿ ಹುಟ್ಟೋದು ಜಾಸ್ತಿ ಆಗಲ್ಲ, ಮೋಟಾರಿಗೆ ಉಸಿರಾಡೋಕೆ ಟೈಮ್ ಸಿಗತ್ತೆ ಅಷ್ಟೇ.

ಈಗ ಕರೆಂಟ್. 1 ಎಚ್‌ಪಿ ಅಂದ್ರೆ 746 ವ್ಯಾಟ್, 2 ಎಚ್‌ಪಿ ಮೋಟಾರ್ ಓಡುವಾಗ 8-9 ಆಂಪ್ ಎಳೆಯತ್ತೆ, ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು. ಮನೆ ಇನ್ವರ್ಟರ್ ಇದನ್ನ ತಡ್ಕೊಳ್ಳಲ್ಲ, 5 ಆಂಪ್ ಪ್ಲಗ್ಗೂ ಆಗಲ್ಲ, ಗ್ರೈಂಡರ್, ಗೀಸರ್ ಹಾಕೋ 15 ಆಂಪ್ ಪಾಯಿಂಟೇ ಬೇಕು. ಲೈನಿನ ಕೊನೇಲಿರೋ ತೋಟದ ಮನೆಗಳಲ್ಲಿ ಸಂಜೆ ಓಲ್ಟೇಜ್ ಬಿದ್ದಿರತ್ತೆ, ಆಗ ಮೋಟಾರ್ ಗುಂಯ್ ಅಂತ ನಿಂತ್ಕೊಂಡು ಕೆಪಾಸಿಟರ್ ಸುಟ್ಕೊಳತ್ತೆ. ಮೀಟರ್ ಇಟ್ಟು ನೋಡಿ, 200ರ ಕೆಳಗಿದ್ರೆ ಆ ಹೊತ್ತಲ್ಲಿ ಹಾಕ್ಬೇಡಿ. ಶೆಡ್ಡು ದೂರ ಇದೆ ಅಂತ ತೆಳು ವೈರಿನ ಎಕ್ಸ್‌ಟೆನ್ಷನ್ ಎಳೆದ್ರೂ ಇದೇ ಗತಿ. ಕಂಪ್ರೆಸರ್ ಪ್ಲಗ್ ಪಾಯಿಂಟ್ ಹತ್ರಾನೇ ಇರ್ಲಿ, ಗಾಳಿ ಪೈಪನ್ನ ಉದ್ದ ಎಳೀರಿ. ಇದ್ರಲ್ಲಿ ಇನ್ನೂ ಎರಡು ಲಾಭ, ಪ್ರೆಷರ್ ಸ್ವಿಚ್ಚಿನ ಕಿಡಿ ತಿನ್ನರ್ ಆವಿಯಿಂದ ದೂರ ಉಳಿಯತ್ತೆ, ಗಾಳಿ ತಣ್ಣಗಾಗೋಕೂ ದಾರಿ ಸಿಗತ್ತೆ. ಪೈಪ್ ಒಳ ಅಗಲ 8 ಎಂಎಂಗಿಂತ ಸಣ್ಣದು ಬೇಡ, ಉದ್ದ ಜಾಸ್ತಿ ಅಂದ್ರೆ 10 ಎಂಎಂ.

ಆಯಿಲ್ ಫ್ರೀ ಮಿಷನ್ ಹಗುರ, ಪೇಂಟಿಗೆ ಎಣ್ಣೆ ಹನಿ ಬರೋ ಭಯ ಇಲ್ಲ, ಸದ್ದು ಜಾಸ್ತಿ, ನಿರಂತರ ಓಡಿಸೋಕಾಗಲ್ಲ. ಆಯಿಲ್ ಹಾಕೋ ಬೆಲ್ಟ್ ಮಿಷನ್ ಭಾರ, ಬಾಳಿಕೆ ಜಾಸ್ತಿ, ಎಣ್ಣೆ ಫಿಲ್ಟರ್ ಬೇಕೇ ಬೇಕು. ಹವ್ಯಾಸಕ್ಕೆ ಆಯಿಲ್ ಫ್ರೀ ಸಾಕು ಅನ್ನೋದು ನನ್ನ ಅಭಿಪ್ರಾಯ.

ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಟ್ಯಾಂಕ್ ಕೆಳಗಿನ ಡ್ರೈನ್ ತಿರುಪು ಬಿಚ್ಚಿ ನೋಡಿ. ಕಂದು ನೀರಿನ ಜೊತೆ ತುಕ್ಕಿನ ಹಳಕು ಉದುರಿದ್ರೆ ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ, ಒಳಗಿಂದ ತುಕ್ಕು ತಿಂದ ಟ್ಯಾಂಕ್ ಒತ್ತಡಕ್ಕೆ ಸಿಡಿಯತ್ತೆ, ಜೀವಕ್ಕೆ ಅಪಾಯ. ಸೇಫ್ಟಿ ವಾಲ್ವಿನ ರಿಂಗ್ ಎಳೆದಾಗ ಗಾಳಿ ಬಿಟ್ಟು ಮತ್ತೆ ಮುಚ್ಕೋಬೇಕು.

ಹಂತ 6: ಗಾಳಿಯೊಳಗಿನ ನೀರು

ಕೊಡಗಿನೋರು ಬೇರೆ ಎಲ್ಲ ಬಿಟ್ರೂ ಈ ಭಾಗ ಸರಿಯಾಗಿ ಓದಿ. ಹವೆಯಲ್ಲಿ ನೀರಿನ ಆವಿ ಇರತ್ತೆ, ಕಂಪ್ರೆಸರ್ ಆ ಹವೆಯನ್ನ ಎಂಟೊಂಬತ್ತು ಪಾಲು ಹಿಂಡಿ ಟ್ಯಾಂಕಿಗೆ ತುಂಬತ್ತೆ, ತಣ್ಣಗಾದಾಗ ನೀರು ಬೇರೆ ಆಗತ್ತೆ. 20 ಡಿಗ್ರಿ ಹವೆ, 90 ಪರ್ಸೆಂಟ್ ಪಸೆ ಇರೋ ದಿನ ನಿಮಿಷಕ್ಕೆ 100 ಲೀಟರ್ ಎಳೆಯೋ ಮಿಷನ್ ಒಂದು ಗಂಟೆ ಓಡಿದ್ರೆ ಸುಮಾರು 80 ಗ್ರಾಂ ನೀರು ಹುಟ್ಟತ್ತೆ. ಒಂದು ಸಣ್ಣ ಟೀ ಲೋಟ ತುಂಬ. ಜುಲೈಯಲ್ಲಿ ಕೆಲಸ ಮುಗಿಸಿ ಡ್ರೈನ್ ಬಿಚ್ಚಿ ಕೆಳಗೊಂದು ಲೋಟ ಇಟ್ರೆ ಕಣ್ಣಿಗೇ ಕಾಣತ್ತೆ. ಈ ನೀರು ಗನ್ನಿಗೆ ಹೋದ್ರೆ ನುಣ್ಣಗಿರೋ ಪೇಂಟ್ ಮಧ್ಯೆ ಸಣ್ಣ ಗುಳ್ಳೆ, ಕುಳಿ ಬೀಳತ್ತೆ, ಕಬ್ಬಿಣದ ಮೇಲಾದ್ರೆ ಪೇಂಟ್ ಅಡಿಯಲ್ಲೇ ತುಕ್ಕು ಶುರು ಆಗತ್ತೆ.

ರೆಗ್ಯುಲೇಟರ್ (ಗಾಳಿ ಒತ್ತಡ ಹೊಂದಿಸೋ ತಿರುಪು) ಜೊತೆ ಬರೋ ನೀರಿನ ಫಿಲ್ಟರ್‌ನ ಎಲ್ಲರೂ ಕಂಪ್ರೆಸರ್ ಮೂತಿಗೇ ಹಾಕ್ತಾರೆ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗೇ ಫಿಲ್ಟರ್ ದಾಟಿ ಹೋಗಿ ಪೈಪಲ್ಲಿ ಹನಿ ಆಗತ್ತೆ. ಫಿಲ್ಟರ್ ಹಾಕೋ ಜಾಗ ಗೋಡೆ ಮೇಲೆ, ಕಂಪ್ರೆಸರ್‌ನಿಂದ ಐದಾರು ಮೀಟರ್ ಪೈಪ್ ಆದ್ಮೇಲೆ. ಅದಾದ ಮೇಲೆ ಗನ್ನಿನ ಹಿಡಿ ಕೆಳಗೆ ಹಾಕೋ ಬೆರಳುದ್ದದ ಫಿಲ್ಟರ್ ಇನ್ನೊಂದು. ಮಳೆಗಾಲದಲ್ಲೂ ಹೊಡಿತೀನಿ ಅನ್ನೋರು ಸಿಲಿಕಾ ಜೆಲ್ ತುಂಬಿರೋ ಡ್ರೈಯರ್ ಬಾಟ್ಲಿ ಮಧ್ಯೆ ಸೇರಿಸಿ, ಹರಳಿನ ಬಣ್ಣ ಬದಲಾದ್ರೆ ಸಣ್ಣ ಉರೀಲಿ ಒಣಗಿಸಿ ಮತ್ತೆ ತುಂಬಬಹುದು. ಆ ಪಾತ್ರೆ ಅಡುಗೆಗೆ ವಾಪಸ್ ಹೋಗಬಾರ್ದು.

ಜೊತೆಗೊಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್, ಅಂದ್ರೆ ಹವೆಯ ಪಸೆ ಅಳೆಯೋ ಮೀಟರ್ ತಗೊಳ್ಳಿ. 85 ಪರ್ಸೆಂಟ್ ಮೇಲಿದ್ರೆ ಯಾವ ಪೇಂಟೂ ಬೇಡ, ಎನ್‌ಸಿಗೆ 70ರ ಒಳಗಿದ್ರೆ ನೆಮ್ಮದಿ. ಈ ಸಣ್ಣ ಡಬ್ಬ ನನ್ನ ಪ್ರಕಾರ ಗನ್ನಿನಷ್ಟೇ ಮುಖ್ಯ.

ಹಂತ 7: ಜಾಗ ಮತ್ತೆ ಕಾಲ

ಹುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲಿಂದ ಹೂಮಳೆ (ಕಾಫಿ ಹೂ ಬಿಡಿಸೋ ಬೇಸಿಗೆ ಮಳೆ) ಬರೋ ತನಕ ಇಲ್ಲಿ ಪೇಂಟಿಗೆ ಒಳ್ಳೆ ಕಾಲ. ಮಂಜು ಎದ್ದ ಮೇಲೆ, ಹತ್ತರಿಂದ ಮೂರು ಗಂಟೆ ಒಳಗೆ ಮುಗಿಸಿ. ಸಂಜೆ ಹೊಡೆದದ್ದು ಒಣಗೋಕೆ ಮುಂಚೆ ಇಬ್ಬನಿ ಕೂರತ್ತೆ, ಲೈಟ್ ಹಾಕಿದ್ರೆ ಹುಳ ಬಂದು ಅಂಟ್ಕೊಳತ್ತೆ.

ಕಷ್ಟ ಏನಂದ್ರೆ ಕಾಫಿ ಕುಯ್ಲೂ ಇದೇ ತಿಂಗಳುಗಳಲ್ಲಿ, ಕಣದ ತುಂಬ ಕಾಫಿ ಹರಡಿರತ್ತೆ. ಕಣದ ಹತ್ರ ಹೊಡೀಲೇಬೇಡಿ. ಕಾಫಿ ಪಕ್ಕದಲ್ಲಿರೋ ವಾಸನೆ ಎಳ್ಕೊಳತ್ತೆ, ಪೇಂಟಿನ ಮಂಜು ಗಾಳಿಗೆ ಎಷ್ಟೋ ದೂರ ಹೋಗತ್ತೆ. ಗಾಳಿ ಕಣದಿಂದ ಶೆಡ್ಡಿನ ಕಡೆಗೆ ಬೀಸೋ ದಿನ ನೋಡಿ, ಮೂರು ಕಡೆ ಟಾರ್ಪಾಲ್ ಕಟ್ಟಿ, ಒಂದು ಕಡೆ ಪೂರ್ತಿ ತೆರೆದಿಡಿ. ತಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಹೋಗತ್ತೆ, ಬಚ್ಚಲು ಮನೆ ಹಂಡೆ ಒಲೆ ಉರೀತಿದ್ರೆ ಅಲ್ಲೀ ತನಕ ಹೋಗಿ ಹೊತ್ಕೊಳತ್ತೆ, ಅದಕ್ಕೆ ಮನೆಯೋರಿಗೆ ಮೊದ್ಲೇ ಹೇಳಿಡಿ.

ಹಂತ 8: ಮೊದಲ ದಿನ

ಒಳ್ಳೆ ಸಾಮಾನಿನ ಮೇಲೆ ಶುರು ಮಾಡ್ಬೇಡಿ, ಟಿವಿ ಅಥವಾ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ಗೋಡೆಗೆ ನಿಲ್ಲಿಸಿ. ಪೇಂಟನ್ನ ಬಟ್ಟೆ ಅಥವಾ ಜಾಲರಿಯಲ್ಲಿ ಸೋಸಿ, ಡಬ್ಬದ ಮೇಲಿರೋ ಅಳತೆಗೆ ತಿನ್ನರ್ ಕಲಸಿ. ಫೋರ್ಡ್ ಕಪ್ ಬಿ4 ಅಂತ ತಳದಲ್ಲಿ ತೂತಿರೋ ಲೋಟ ಸಿಗತ್ತೆ, ತುಂಬಿಸಿ ಬಿಟ್ರೆ ಧಾರೆ ಮುರಿಯೋಕೆ 18ರಿಂದ 22 ಸೆಕೆಂಡ್ ಹಿಡಿದ್ರೆ ಹೆಚ್ಚಿನ ಪೇಂಟಿಗೆ ಸರಿ. ಟ್ರಿಗರ್ ಒತ್ತಿ ಹಿಡ್ಕೊಂಡೇ ರೆಗ್ಯುಲೇಟರ್ 25-30 ಪಿಎಸ್‌ಐಗೆ ಇಡಿ, ಬಿಟ್ಟಾಗ ತೋರಿಸೋ ನಂಬರ್ ನಂಬಬೇಡಿ.

ಗನ್ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ, 15ರಿಂದ 20 ಸೆಂಟಿಮೀಟರ್ ದೂರ. ಮಣಿಕಟ್ಟು ತಿರುಗಿಸ್ದೆ ಇಡೀ ತೋಳು ಸರಿಸಿ, ಸಾಮಾನಿನ ಅಂಚಿಗಿಂತ ಮುಂಚೆ ಟ್ರಿಗರ್ ಒತ್ತಿ, ಅಂಚು ದಾಟಿದ ಮೇಲೆ ಬಿಡಿ. ಮುಂದಿನ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಕಿತ್ತಳೆ ಸಿಪ್ಪೆ ಥರ ಬಂದ್ರೆ ಪೇಂಟ್ ದಪ್ಪ ಅಥವಾ ಗಾಳಿ ಕಮ್ಮಿ, ಇಳಿದ್ರೆ ಕೈ ನಿಧಾನ ಅಥವಾ ತುಂಬಾ ಹತ್ರ, ಮುಟ್ಟಿದ್ರೆ ಪುಡಿ ಪುಡಿ ಅಂದ್ರೆ ತುಂಬಾ ದೂರ. ಒಂದು ಸಲಕ್ಕೆ ಒಂದೇ ತಿರುಪು ಬದಲಾಯಿಸಿ, ಏನು ಬದಲಾಯ್ತು ಅಂತ ಅದೇ ರಟ್ಟಿನ ಮೇಲೆ ಪೆನ್ನಲ್ಲಿ ಬರೀರಿ.

ಹಂತ 9: ತೊಳೆಯೋದು, ಎತ್ತಿಡೋದು

ಪೇಂಟ್ ಮುಗಿದ ತಕ್ಷಣ ಗನ್ ತೊಳೀರಿ, ಊಟ ಆಮೇಲೆ. ಕಪ್ಪಿಗೆ ಸ್ವಲ್ಪ ತಿನ್ನರ್ (ನೀರಿನ ಪೇಂಟಾದ್ರೆ ನೀರು) ಹಾಕಿ ಅಲ್ಲಾಡಿಸಿ ಒಂದು ಡಬ್ಬಕ್ಕೆ ಹೊಡೀರಿ, ತಿಳಿ ಬರೋ ತನಕ. ಸೂಜಿ, ನಾಝಲ್, ಕ್ಯಾಪ್ ಬಿಚ್ಚಿ ಒರೆಸಿ. ತೂತಿಗೆ ಹಲ್ಲುಕಡ್ಡಿ ಹಾಕಿ, ಪಿನ್ನು, ವೈರ್ ಬೇಡ, ತೂತು ಅಗಲ ಆದ್ರೆ ಆ ಕ್ಯಾಪ್ ಮುಗೀತು. ಇಡೀ ಗನ್ನನ್ನ ತಿನ್ನರ್‌ನಲ್ಲಿ ಮುಳುಗಿಸಿಡೋ ಅಭ್ಯಾಸ ಕೆಲವ್ರಿಗಿದೆ, ಪ್ಯಾಕಿಂಗ್ ಎಲ್ಲ ಉಬ್ಬತ್ತೆ. ಒರೆಸಿದ ಸೂಜಿಗೆ ಸಿಲಿಕೋನ್ ಇಲ್ಲದ ಗನ್ ಆಯಿಲ್ ಒಂದು ಹನಿ ಸವರಿ ಹಾಕಿ.

ಕೊಳೆ ತಿನ್ನರ್‌ನ ತೋಡಿಗೆ ಸುರೀಬೇಡಿ, ನಮ್ಮ ತೋಡುಗಳಲ್ಲಿ ಹೆಚ್ಚಿನವು ಕಾವೇರಿಗೇ ಹೋಗಿ ಸೇರೋದು. ಬಿಗಿ ಮುಚ್ಚಳದ ಡಬ್ಬದಲ್ಲಿ ಕೆಲವು ದಿನ ಇಟ್ರೆ ಬಣ್ಣ ತಳದಲ್ಲಿ ಕೂರತ್ತೆ, ಮೇಲಿನ ತಿಳಿ ಮುಂದಿನ ಸಲದ ಮೊದಲ ತೊಳೆತಕ್ಕೆ ಬರತ್ತೆ.

ಜೂನ್ ಬರೋಕೆ ಮುಂಚೆ ಕಂಪ್ರೆಸರ್‌ನ ಗಾಳಿ ಪೂರ್ತಿ ಬಿಟ್ಟು, ಒಂದು ಕಡೆ ವಾಲಿಸಿ ಕೊನೇ ಹನಿ ತನಕ ನೀರು ಇಳಿಸಿ, ಡ್ರೈನ್ ತಿರುಪು ತೆರೆದೇ ಬಿಡಿ. ನೆಲದ ಮೇಲೆ ಬೇಡ, ಮಣೆ ಮೇಲೆ ಇಡಿ. ಗನ್ನು, ಏರ್‌ಬ್ರಷ್ಷು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಇರೋ ಡಬ್ಬದಲ್ಲಿ. ಮಳೆಗಾಲದಲ್ಲೂ ಎರಡು ವಾರಕ್ಕೊಮ್ಮೆ ಕರೆಂಟ್ ಸರಿ ಇರೋ ಹೊತ್ತು ನೋಡಿ ಹತ್ತು ನಿಮಿಷ ಮಿಷನ್ ಓಡಿಸಿ, ಮತ್ತೆ ನೀರು ಇಳಿಸಿ, ಡ್ರೈನ್ ತೆರೆದಿಡಿ.